ಕ್ಯಾರಿ ಗನ್ನಿನ ಟ್ರಿಗರ್ ಅಪ್‌ಗ್ರೇಡ್: ಗ್ಲಾಕ್ 19 ಬಿಚ್ಚೋದ್ರಿಂದ ಹಿಡಿದು ಮತ್ತೆ ಸೊಂಟಕ್ಕೆ ಸಿಗಿಸೋವರೆಗೆ

ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿ ಟೆಕ್ಸಾಸ್‌ನಲ್ಲಿ ನಾನು ತಗೊಂಡ ಮೊದಲನೇ ಹ್ಯಾಂಡ್‌ಗನ್ ಗ್ಲಾಕ್ 19, ಮೂರನೇ ಜನರೇಷನ್‌ದು. ಗನ್ ಕತ್ತೆ ಥರ ದುಡಿಯುತ್ತೆ, ಒಂದು ಕಂಪ್ಲೇಂಟ್ ಇಲ್ಲ, ಆದ್ರೆ ಟ್ರಿಗರ್ ಎಳೆದಾಗ ಮಳೆಗಾಲದಲ್ಲಿ ಉಬ್ಬಿರೋ ಮರದ ಡ್ರಾಯರ್ ಎಳೆದ ಹಾಗೆ, ಸ್ವಲ್ಪ ದೂರ ಬರುತ್ತೆ, ಹಿಡಿಯುತ್ತೆ, ಗರಗರ ಅನ್ನುತ್ತೆ, ಆಮೇಲೆ ಯಾವಾಗ ಬಿಡುತ್ತೆ ಅಂತ ಬೆರಳಿಗೆ ಗೊತ್ತಾಗಲ್ಲ. ಹಾಗಾಗಿ ಎಲ್ಲರೂ ಕೇಳೋ ಪ್ರಶ್ನೆ ನಂಗೂ ಬಂತು, ಟ್ರಿಗರ್ ಚೇಂಜ್ ಮಾಡ್ಲಾ ಬೇಡ್ವಾ, ಮಾಡೋದಾದ್ರೆ ಎಷ್ಟು ಮಾಡ್ಬೇಕು.

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ. ಬಟ್ಟೆ ಒಳಗೆ ಇಟ್ಕೊಂಡು ಓಡಾಡೋ ಗನ್ನಿಗೆ ಟ್ರಿಗರ್ ಹಗುರ ಮಾಡೋದು ಅಪ್‌ಗ್ರೇಡ್ ಅಲ್ಲ, ನಯ ಮಾಡೋದು ಅಪ್‌ಗ್ರೇಡ್. ಎಳೆತ ಒಂದೇ ಸಮ ಇರ್ಬೇಕು, ಎಲ್ಲಿ ಗೋಡೆ (ಎಳೆತಕ್ಕೆ ಗಟ್ಟಿ ತಡೆ ಸಿಗೋ ಜಾಗ) ಸಿಗುತ್ತೆ ಎಲ್ಲಿ ಬಿಡುತ್ತೆ ಅಂತ ಪ್ರತಿ ಸಲ ಒಂದೇ ಥರ ಗೊತ್ತಾಗ್ಬೇಕು, ಬಿಟ್ಟಾಗ ರೀಸೆಟ್ (ಟ್ರಿಗರ್ ಮುಂದಿನ ಗುಂಡಿಗೆ ಮತ್ತೆ ಸಿದ್ಧ ಆಗೋ ಜಾಗ) ಬೆರಳಿಗೆ ಸ್ಪಷ್ಟವಾಗಿ ತಟ್ಟಬೇಕು. ಕಾರ್ಖಾನೆಯಿಂದ ಬಂದಿರೋ ಸೇಫ್ಟಿಗಳಲ್ಲಿ ಒಂದನ್ನೂ ಮುಟ್ಟದೆ ಇಷ್ಟು ಸಿಗುತ್ತೆ ಅಂದ್ರೆ ಮಾಡಿ, ಇಲ್ಲಾಂದ್ರೆ ಹಳೇದನ್ನೇ ಇಟ್ಕೊಂಡು ಆ ದುಡ್ಡಲ್ಲಿ ಗುಂಡು ತಗೊಂಡು ಪ್ರಾಕ್ಟೀಸ್ ಮಾಡಿ.

ಮೊದಲು ಕಾನೂನು

ಇಲ್ಲಿರೋ ನಮ್ಮವರಲ್ಲಿ ತುಂಬಾ ಜನ ಎಚ್-1ಬಿ ಮೇಲೆ ಇದ್ದೀರ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರೋರು ಸಾಮಾನ್ಯವಾಗಿ ಗನ್ ಇಟ್ಕೊಳ್ಳೋ ಹಾಗೇ ಇಲ್ಲ, ಹಂಟಿಂಗ್ ಲೈಸೆನ್ಸ್ ಥರದ ಕೆಲವು ವಿನಾಯಿತಿ ಇದೆ ಅಷ್ಟೆ, ಮತ್ತೆ ಆ ವಿನಾಯಿತಿ ತಮಗೆ ಅನ್ವಯ ಆಗುತ್ತಾ ಅಂತ ವಕೀಲರನ್ನ ಕೇಳದೆ ಯಾರೂ ಮುಂದುವರೀಬೇಡಿ, ಯಾಕಂದ್ರೆ ಇದ್ರಲ್ಲಿ ತಪ್ಪಾದ್ರೆ ವೀಸಾ ಮಾತ್ರ ಅಲ್ಲ ಜೈಲೂ ಇದೆ. ಗ್ರೀನ್ ಕಾರ್ಡ್ ಇದ್ದೋರಿಗೆ, ಸಿಟಿಜನ್ಸ್‌ಗೆ ಈ ತೊಡಕು ಇಲ್ಲ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ದಾಟಿದ, ಕಾನೂನಿನ ಅಡ್ಡಿ ಇಲ್ಲದೋರು ಪರ್ಮಿಟ್ ಇಲ್ಲದೆಯೂ ಹ್ಯಾಂಡ್‌ಗನ್ ಒಯ್ಯಬಹುದು, ಆದ್ರೂ ನಾನು ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ, ಗನ್ ಒಯ್ಯೋ ಪರ್ಮಿಟ್) ಮಾಡ್ಸಿಟ್ಕೊಂಡಿದೀನಿ, ಬೇರೆ ಸ್ಟೇಟ್‌ಗೆ ಹೋದಾಗ ಬೇಕಾಗುತ್ತೆ. ಬೇರೆ ಸ್ಟೇಟ್‌ನಲ್ಲಿ ಇರೋರು ನಿಮ್ಮಲ್ಲಿ ಟ್ರಿಗರ್ ಬದಲಾಯಿಸೋದಕ್ಕೆ ಏನಾದ್ರೂ ನಿರ್ಬಂಧ ಇದ್ಯಾ ಅಂತ ನೋಡ್ಕೊಳಿ.

ಇನ್ನೊಂದು ಮಾತು. ಊರಿಗೆ ಹೋಗುವಾಗ ಶೂಟಿಂಗ್ ರೇಂಜಿಗೆ ತಗೊಂಡು ಹೋಗೋ ಬ್ಯಾಗನ್ನ ಸೂಟ್‌ಕೇಸ್ ಜೊತೆ ಬೆರೆಸಬೇಡಿ. ಮೂಲೇಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರು ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಸಿಕ್ರೂ 1959ರ ಆರ್ಮ್ಸ್ ಆಕ್ಟ್ ಕೆಳಗೆ ಕೇಸ್ ಆಗುತ್ತೆ.

ಒಳಗೆ ಏನಾಗ್ತಿದೆ

ಇದು ಅರ್ಥ ಆಗ್ದೆ ಪಾರ್ಟ್ ಬದಲಾಯಿಸೋಕೆ ಕೂರಬೇಡಿ. ನಮ್ಮ ಅಜ್ಜನ ಜೋಡು ನಳಿಗೆ ಕೋವೀಲಿ ಕುದುರೆ, ಅಂದ್ರೆ ಬಡಿಯೋ ಸುತ್ತಿಗೆ, ಕಣ್ಣಿಗೆ ಕಾಣ್ತಿತ್ತು, ಎತ್ತಿದ್ರೆ ಎತ್ತಿದ್ದು ಗೊತ್ತಾಗ್ತಿತ್ತು. ಗ್ಲಾಕ್‌ನಲ್ಲಿ ಹಾಗೆ ಏನೂ ಕಾಣಲ್ಲ, ಎಲ್ಲಾ ಸ್ಲೈಡ್ (ಮೇಲಿನ ಜಾರೋ ಲೋಹದ ಭಾಗ) ಒಳಗೆ. ಸ್ಲೈಡ್ ಹಿಂದೆ ಎಳೆದು ಬಿಟ್ಟಾಗ ಸ್ಟ್ರೈಕರ್, ಅಂದ್ರೆ ಗುಂಡಿಗೆ ಬಡಿಯೋ ಫೈರಿಂಗ್ ಪಿನ್, ಅರ್ಧಂಬರ್ಧ ಬಿಗಿಯಾಗಿ ನಿಂತಿರುತ್ತೆ, ನೀವು ಟ್ರಿಗರ್ ಎಳೆದಾಗ ಟ್ರಿಗರ್‌ಗೆ ಸೇರಿದ ಉದ್ದ ತಗಡು, ಟ್ರಿಗರ್ ಬಾರ್, ಅದನ್ನ ಇನ್ನೂ ಹಿಂದಕ್ಕೆ ಎಳೆದು ಬಿಗಿ ಪೂರ್ತಿ ಮಾಡುತ್ತೆ, ಕೊನೇಲಿ ಕನೆಕ್ಟರ್ ಅನ್ನೋ ಸಣ್ಣ ಬಗ್ಗಿದ ತಗಡು ಆ ಬಾರನ್ನ ಕೆಳಗೆ ಇಳಿಸುತ್ತೆ, ಸ್ಟ್ರೈಕರ್ ಜಾರಿ ಮುಂದೆ ಹೋಗಿ ಗುಂಡಿನ ಹಿಂಭಾಗದ ಪ್ರೈಮರ್‌ಗೆ (ಕಿಡಿ ಹಚ್ಚೋ ಮದ್ದು) ಬಡಿಯುತ್ತೆ. ಟ್ರಿಗರ್ ಹಿಂದೆ ಇರೋ ಸಣ್ಣ ಸುರುಳಿ ಸ್ಪ್ರಿಂಗ್ ನಿಮ್ಮ ಬೆರಳಿಗೆ ವಿರುದ್ಧ ಅಲ್ಲ, ಸಹಾಯಕ್ಕೆ ಇರೋದು. ಸುಮಾರು ಜನ ಇದನ್ನ ಉಲ್ಟಾ ತಿಳ್ಕೊಂಡು ಹಗುರ ಆಗ್ಲಿ ಅಂತ ಮೆತ್ತನೆ ಸ್ಪ್ರಿಂಗ್ ಹಾಕ್ತಾರೆ, ಆಗ ಟ್ರಿಗರ್ ಇನ್ನೂ ಭಾರ ಆಗುತ್ತೆ.

ಸೇಫ್ಟಿ ಮೂರು. ಟ್ರಿಗರ್ ಮಧ್ಯದಲ್ಲಿರೋ ನಾಲಿಗೆ ಥರದ್ದು ಒಂದು, ಅದನ್ನ ಒತ್ತದೆ ಟ್ರಿಗರ್ ಹಿಂದೆ ಹೋಗಲ್ಲ. ಸ್ಲೈಡ್ ಒಳಗಿರೋ ಫೈರಿಂಗ್ ಪಿನ್ ಸೇಫ್ಟಿ ಎರಡನೇದು, ಟ್ರಿಗರ್ ಎಳೆಯೋವರೆಗೂ ಸ್ಟ್ರೈಕರ್ ದಾರಿಗೆ ಅಡ್ಡ ನಿಂತಿರುತ್ತೆ. ಮೂರನೇದು ಡ್ರಾಪ್ ಸೇಫ್ಟಿ, ಟ್ರಿಗರ್ ಬಾರಿನ ಹಿಂದಿನ ಶಿಲುಬೆ ಆಕಾರದ ತುದಿ ಹೌಸಿಂಗ್‌ನಲ್ಲಿರೋ (ಬಾರ್ ಕೂರೋ ಹಿಂದಿನ ಗೂಡು) ಒಂದು ಮೆಟ್ಟಿಲ ಮೇಲೆ ಕೂತಿರುತ್ತೆ, ಗನ್ ಕೆಳಗೆ ಬಿದ್ರೂ ಬಾರ್ ಕೆಳಗೆ ಇಳಿಯೋಕೆ ಬಿಡಲ್ಲ. ಟ್ರಿಗರ್ ಕಿಟ್ ಹಾಕಿದ್ರೆ ಈ ಮೂರರ ಪಕ್ಕದಲ್ಲೇ ಕೈ ಆಡ್ಸಿರ್ತೀರ, ಅದಕ್ಕೇ ಕೊನೇಲಿ ಬರೋ ಚೆಕ್‌ಗಳ ಬಗ್ಗೆ ನಾನು ಇಷ್ಟು ಹಠ ಮಾಡೋದು.

ಎಳೆಯೋ ಬಲ ಅಲ್ಲ, ಟ್ರಿಗರ್ ಅನ್ನೋ ತುಂಡಿನ ತೂಕ ಕೂಡ ಸೇಫ್ಟಿ ವಿಷಯ ಅನ್ನೋದಕ್ಕೆ ಒಂದು ಉದಾಹರಣೆ 2017ರದ್ದು. ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು ಒಂದು ಕೋನದಲ್ಲಿ ಹಿಂಭಾಗ ಕೆಳಗಾಗಿ ಬಿದ್ರೆ ಫೈರ್ ಆಗ್ಬಹುದು ಅಂತ ಗೊತ್ತಾದಾಗ ಕಂಪನಿ ಆ ಆಗಸ್ಟ್‌ನಲ್ಲಿ ಫ್ರೀ ಅಪ್‌ಗ್ರೇಡ್ ಕೊಡೋಕೆ ಶುರು ಮಾಡ್ತು, ಅದ್ರಲ್ಲಿ ಬದಲಾದ ಮುಖ್ಯ ಪಾರ್ಟ್‌ಗಳಲ್ಲಿ ಒಂದು ಟ್ರಿಗರ್ರೇ, ಕಡಿಮೆ ತೂಕದ್ದು ಹಾಕಿದ್ರು. ಯಾಕಂದ್ರೆ ಗನ್ ಬಿದ್ದು ಟಕ್ ಅಂತ ನಿಂತಾಗ ಭಾರ ಇರೋ ಟ್ರಿಗರ್ ತನ್ನ ವೇಗದಲ್ಲೇ ಹಿಂದೆ ಹೋಗುತ್ತೆ. ಹಾಗಾಗಿ ಫ್ಯಾನ್ಸಿ ಲೋಹದ ಟ್ರಿಗರ್ ಹಾಕೋರು ಮಧ್ಯದ ನಾಲಿಗೆ ಸೇಫ್ಟಿ ಇಲ್ಲದ ಮಾಡೆಲ್‌ನ ಮುಟ್ಟಲೇಬೇಡಿ.

ಎಷ್ಟು ಪೌಂಡ್ ಇರ್ಬೇಕು

ಟ್ರಿಗರ್ ಎಳೆಯೋಕೆ ಬೇಕಾದ ಬಲಾನೇ ಇಲ್ಲಿ ತೂಕ ಅನ್ನೋದು. ಗ್ಲಾಕ್ 19ರ ಟ್ರಿಗರ್ ಕಾರ್ಖಾನೆಯಿಂದ ಬರೋದು ಹತ್ತಿರ ಹತ್ತಿರ ಐದೂವರೆ ಪೌಂಡಿಗೆ, ಅಂದ್ರೆ ಎರಡೂವರೆ ಕೆಜಿ. ಕಾಂಪಿಟಿಷನ್‌ಗೆ ಮಾಡಿದ ಉದ್ದ ಮಾಡೆಲ್‌ಗಳಿಗೆ ಮೈನಸ್ ಗುರುತಿನ ಕನೆಕ್ಟರ್ ಹಾಕಿ ಕೊಡ್ತಿದ್ರು, ಅದು ಹೆಸರಿಗೆ ಮೂರೂವರೆ ಪೌಂಡ್, ಗೇಜ್ ಇಟ್ಟು ನೋಡಿದ್ರೆ ನಾಲ್ಕೂವರೆ ಹತ್ತಿರ ಬರುತ್ತೆ.

ನನ್ನ ಗೆರೆ ನಾಲ್ಕೂವರೆ ಪೌಂಡ್. ಅದಕ್ಕಿಂತ ಕೆಳಗೆ ಕ್ಯಾರಿ ಗನ್ ಇಳಿಸಲ್ಲ. ಹೆದರಿಕೆಯಾದಾಗ ಕೈಯಲ್ಲಿ ರಕ್ತ ಇರಲ್ಲ, ಬೆರಳಿಗೆ ಸ್ಪರ್ಶ ತಿಳಿಯಲ್ಲ, ರೇಂಜಲ್ಲಿ ಹಿತವಾಗಿರೋ ಮೂರು ಪೌಂಡ್ ಆಗ ಇಲ್ಲವೇ ಇಲ್ಲ ಅನ್ನಿಸುತ್ತೆ. ಜೊತೆಗೆ ಕೋರ್ಟ್ ಇದೆ. ಮಸಾದ್ ಅಯೂಬ್ ಅಂತ ಇಲ್ಲಿ ಈ ವಿಷಯದಲ್ಲಿ ದಶಕಗಳಿಂದ ಬರೀತಿರೋ, ಎಕ್ಸ್‌ಪರ್ಟ್ ಸಾಕ್ಷಿಯಾಗಿ ಕೋರ್ಟಿಗೆ ಹೋಗಿರೋ ತರಬೇತುದಾರರು ಒಬ್ಬರಿದ್ದಾರೆ, ಆತ್ಮರಕ್ಷಣೆಯ ಗನ್ನಿನ ಟ್ರಿಗರ್‌ನ ಕಾರ್ಖಾನೆ ಅಳತೆಗಿಂತ ಹಗುರ ಮಾಡ್ಬೇಡಿ ಅಂತ ಅವರು ಮೊದಲಿಂದ ಹೇಳ್ತಾನೇ ಬಂದಿದ್ದಾರೆ, ನೀವು ಬೇಕಂತ ಹೊಡೆದ್ರೂ ಎದುರು ವಕೀಲ ಇಲ್ಲ ಇದು ಕೈ ತಪ್ಪಿ ಆಗಿದ್ದು, ಅಜಾಗರೂಕತೆ ಅಂತ ವಾದ ಕಟ್ಟೋಕೆ ಅದು ಸಾಕು.

ಹಾಗಂತ ಭಾರ ಇದ್ದಷ್ಟೂ ಒಳ್ಳೇದು ಅಂತಾನೂ ಅಲ್ಲ. ನ್ಯೂಯಾರ್ಕ್ ಪೊಲೀಸರು ವರ್ಷಾನುಗಟ್ಟಲೆ 12 ಪೌಂಡ್ ಹತ್ತಿರದ ಟ್ರಿಗರ್ ಇಟ್ಕೊಂಡಿದ್ರು, ಐದೂವರೆ ಕೆಜಿ ಅದು. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಬಿಲ್ಡಿಂಗ್ ಮುಂದೆ ಇಬ್ಬರು ಪೊಲೀಸರು 16 ಗುಂಡು ಹಾರಿಸಿದಾಗ ದಾರೀಲಿ ಹೋಗ್ತಿದ್ದ ಒಂಬತ್ತು ಜನಕ್ಕೆ ಗುಂಡು, ಚೂರು ತಗುಲಿ ಗಾಯ ಆಯ್ತು, ಆಗ ಆ ಟ್ರಿಗರ್ ತೂಕದ ಬಗ್ಗೆ ದೊಡ್ಡ ಚರ್ಚೆ ಎದ್ದಿತ್ತು. ಅಷ್ಟು ಭಾರ ಎಳೆಯೋವಾಗ ಮೂತಿ ಅಲ್ಲಾಡೇ ಅಲ್ಲಾಡುತ್ತೆ.

ಯಾವ ಪಾರ್ಟ್ ತಗೋಬೇಕು

ನಾನು ಮೊದಲು ಮಾಡಿದ್ದು ಅತಿ ಅಗ್ಗದ್ದು, ಇವತ್ತಿಗೂ ಅದನ್ನೇ ಎಲ್ಲರಿಗೂ ಹೇಳೋದು. ಹಳೇ ಗ್ಲಾಕ್ 19ರ ಟ್ರಿಗರ್ ಮೇಲೆ ಉದ್ದುದ್ದ ಗೀರು ಇರುತ್ತೆ, ನೂರು ರೌಂಡ್ ಹೊಡೆದ್ರೆ ಬೆರಳು ಉರಿಯುತ್ತೆ. ಅದು ಶೂಟಿಂಗ್ ಚೆನ್ನಾಗಿ ಆಗ್ಲಿ ಅಂತ ಇಟ್ಟಿದ್ದಲ್ಲ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ ಹೊರದೇಶದಿಂದ ಬರೋ ಪಿಸ್ತೂಲಿಗೆ ಪಾಯಿಂಟ್ ಲೆಕ್ಕ ಇದೆ, ಚಿಕ್ಕ ಗನ್ನಿಗೆ ಪಾಯಿಂಟ್ ಸಾಲ್ದೆ ಬರುತ್ತೆ, ಗೀರು ಇರೋ ಟ್ರಿಗರ್ ಟಾರ್ಗೆಟ್ ಟ್ರಿಗರ್ ಅಂತ ಲೆಕ್ಕಕ್ಕೆ ಬಂದು ಒಂದಿಷ್ಟು ಪಾಯಿಂಟ್ ಕೂಡುತ್ತೆ, ಅದಕ್ಕೆ ಹಾಕಿ ಕಳಿಸಿದ್ರು ಅಷ್ಟೆ. ದೊಡ್ಡ ಗ್ಲಾಕ್ 17ಕ್ಕೆ ಆ ತಾಪತ್ರಯ ಇರಲಿಲ್ಲ, ಅದ್ರದ್ದು ನುಣುಪು. ಮೂರನೇ ಜನರೇಷನ್ 17ರ ಟ್ರಿಗರ್ ಮತ್ತು ಬಾರ್ 19ಕ್ಕೆ ನೇರ ಕೂರುತ್ತೆ. ಕಂಪನಿ ಪಾರ್ಟು, ಸೇಫ್ಟಿ ಎಲ್ಲಾ ಹಾಗೇ, ಬೆರಳಿಗೆ ಮಾತ್ರ ಸ್ವರ್ಗ.

ಇನ್ನೂ ಬೇಕು ಅಂದ್ರೆ ಅಪೆಕ್ಸ್, ಓವರ್‌ವಾಚ್ ಥರ ಹೆಸರಿರೋರ ಕಿಟ್ ಇದೆ, ಮುಖ ಚಪ್ಪಟೆ ಇರೋದು ಸಿಗುತ್ತೆ, ಟ್ರಿಗರ್ ಸುಮ್ಮನೆ ಓಡಾಡೋ ದೂರ ಕಡಿಮೆ ಇರುತ್ತೆ. ತಗೊಳೋವಾಗ ನಿಮ್ಮ ಗನ್ನಿನ ಜನರೇಷನ್‌ಗೇ ಮಾಡಿದ್ದಾ ನೋಡಿ, ಐದನೇ ಜನರೇಷನ್ನಿನ ಬಾರ್ ಬೇರೇನೇ ಇದೆ. ತಿರುಪು ತಿರುಗಿಸಿ ಅಡ್ಜಸ್ಟ್ ಮಾಡೋ ಟ್ರಿಗರ್ ಕ್ಯಾರಿಗೆ ಬೇಡ. ನಂಗೆ ಗೊತ್ತಿರೋ ಒಬ್ಬರು ಅಂಥ ಕಿಟ್ ಹಾಕ್ಕೊಂಡು ರೇಂಜಿಗೆ ಬಂದಿದ್ರು, ಪಕ್ಕದ ಲೇನಲ್ಲಿ ನಾನೇ ನಿಂತಿದ್ದೆ. ಎರಡು ಬಾಕ್ಸ್ ಮುಗಿಯೋದರೊಳಗೆ ಟ್ರಿಗರ್ ಹೋಗಿ ಒಂದು ಕಡೆ ನಿಂತ್ಬಿಡುತ್ತೆ, ಗನ್ ಸುಮ್ಮನಿರುತ್ತೆ. ಬಿಚ್ಚಿ ನೋಡಿದ್ರೆ ಜೀರಿಗೆ ಕಾಳಿಗಿಂತ ಚಿಕ್ಕ ತಿರುಪು ಹೊಡೆತಕ್ಕೆ ತಾನಾಗೇ ತಿರುಗಿ ಮುಂದೆ ಬಂದು ಟ್ರಿಗರ್‌ನ ಪೂರ್ತಿ ಓಡೋಕೆ ಬಿಡದೆ ತಡೆದು ನಿಂತಿತ್ತು. ಅವರು ಅದನ್ನ ಮೂರು ವಾರದಿಂದ ಸೊಂಟದಲ್ಲಿ ಇಟ್ಕೊಂಡು ಆಫೀಸಿಗೆ, ಅಂಗಡಿಗೆ ಓಡಾಡಿದ್ರು. ಆ ಮುಖ ನಂಗೆ ಇನ್ನೂ ಕಣ್ಣಮುಂದೆ ಇದೆ.

ಮೈನಸ್ ಕನೆಕ್ಟರ್ ಬಗ್ಗೆ ನನ್ನ ಅಭಿಪ್ರಾಯ, ಹಗುರ ಆಗೋದು ನಿಜ, ಆದ್ರೆ ಗೋಡೆ ಮೆತ್ತಗಾಗುತ್ತೆ, ಎಲ್ಲಿ ಬಿಡುತ್ತೆ ಅನ್ನೋದು ಕರಗಿ ಹೋಗುತ್ತೆ, ನಂಗೆ ಕ್ಯಾರಿಗೆ ಇಷ್ಟ ಆಗಲಿಲ್ಲ, ತೆಗೆದು ಮಾಮೂಲಿದನ್ನೇ ಹಾಕ್ದೆ. ಸ್ಟ್ರೈಕರ್ ಸ್ಪ್ರಿಂಗ್ ಹಗುರದ್ದು ಕಿಟ್ ಜೊತೆ ಬಂದಿದ್ರೆ ಪಕ್ಕಕ್ಕಿಡಿ. ಅದು ಕಮ್ಮಿ ಬಲದಲ್ಲಿ ಹೊಡೆಯೋದು, ಗಟ್ಟಿ ಪ್ರೈಮರ್ ಇರೋ ಗುಂಡು ಸಿಕ್ರೆ ಕ್ಲಿಕ್ ಅನ್ನುತ್ತೆ, ಢಂ ಅನ್ನಲ್ಲ, ಪ್ರಾಣ ಉಳಿಸಬೇಕಾದ ಹೊತ್ತಲ್ಲಿ ಆ ಕ್ಲಿಕ್ ಕೇಳೋದು ಯಾರಿಗೂ ಬೇಡ.

ಬೇಕಾಗೋ ಸಾಮಾನು

3/32 ಇಂಚಿನ ಪಂಚ್ ಒಂದು, ಕಂಪನಿಯ ಆರ್ಮರರ್ ಟೂಲ್ ಅಂತಾನೇ ಸಿಗುತ್ತೆ. ಟ್ರಿಗರ್ ಪುಲ್ ಗೇಜ್, ಲೈಮನ್ ಡಿಜಿಟಲ್ ನಂದು. ಹಿಂಬದಿಯ ಪ್ಲೇಟಿಗೆ ಬದಲಾಗಿ ಹಾಕೋ ಕಿಂಡಿ ಇರೋ ಆರ್ಮರರ್ ಪ್ಲೇಟ್, ಕಿತ್ತಳೆ ಬಣ್ಣದ್ದು ಜಾಸ್ತಿ ಸಿಗೋದು, ಇದನ್ನ ಬಿಡ್ಬೇಡಿ. ಇಯರ್ ಬಡ್ಸ್, ಲೋಹಕ್ಕೆ ಹಚ್ಚೋ ಫ್ಲಿಟ್ಜ್ ಥರದ ಪಾಲಿಷ್, ಗನ್ ಎಣ್ಣೆ, ಕಣ್ಣಿಗೆ ಕನ್ನಡಕ, ಕೆಳಗೆ ಹಾಸೋಕೆ ಬಿಳೀ ಟವೆಲ್. ಬಿಳೀದೇ ಯಾಕೆ ಅಂದ್ರೆ ಹಾರಿದ ಸ್ಪ್ರಿಂಗ್ ಅದ್ರ ಮೇಲೆ ಕಾಣುತ್ತೆ, ಕಾರ್ಪೆಟ್ ಮೇಲೆ ಬಿದ್ರೆ ಸಂಜೆವರೆಗೂ ಹುಡುಕ್ತಿರ್ಬೇಕು. ಫೋನಲ್ಲಿ ಪ್ರತಿ ಹಂತಕ್ಕೂ ಒಂದು ಫೋಟೋ ತಗೊಳಿ.

ಖಾಲಿ ಮಾಡೋದು

ಗ್ಲಾಕ್ ಬಿಚ್ಚೋಕೆ ಟ್ರಿಗರ್ ಎಳೀಲೇಬೇಕು, ಹಾಗಾಗಿ ಚೇಂಬರ್‌ನಲ್ಲಿ (ನಳಿಗೆಯ ಹಿಂದೆ ಗುಂಡು ಕೂರೋ ಜಾಗ) ಗುಂಡು ಉಳಿದಿದ್ರೆ ಬಿಚ್ಚೋ ಕೆಲಸದ ಮೊದಲನೇ ಹೆಜ್ಜೆಯಲ್ಲೇ ಅನಾಹುತ. ಮ್ಯಾಗಜೀನ್ (ಗುಂಡು ತುಂಬೋ ಡಬ್ಬಿ) ಮೊದಲು ತೆಗೀರಿ, ಆಮೇಲೆ ಸ್ಲೈಡ್ ಎಳೀರಿ, ಈ ಕ್ರಮ ಉಲ್ಟಾ ಆದ್ರೆ ಮ್ಯಾಗಜೀನ್‌ನಿಂದ ಇನ್ನೊಂದು ಗುಂಡು ಚೇಂಬರ್‌ಗೆ ಹೋಗಿ ಕೂತಿರುತ್ತೆ. ಸ್ಲೈಡ್ ಹಿಂದೆ ಲಾಕ್ ಮಾಡಿ ಚೇಂಬರ್‌ಗೆ ಕಣ್ಣು ಹಾಕಿ, ಕಿರುಬೆರಳು ಹಾಕಿ ಮುಟ್ಟಿ, ಬೇರೆ ಕಡೆ ನೋಡಿ, ಮತ್ತೆ ವಾಪಸ್ ನೋಡಿ ಮುಟ್ಟಿ. ಗುಂಡು, ಮ್ಯಾಗಜೀನ್ ಎರಡನ್ನೂ ಬೇರೆ ರೂಮಲ್ಲಿ ಇಟ್ಟು ಬನ್ನಿ.

ಇದು ನಾನು ಇಲ್ಲಿಗೆ ಬಂದು ಕಲಿತದ್ದಲ್ಲ. ಕೊಡಗಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ತೊಳೆದು, ಎಣ್ಣೆ ಹಚ್ಚಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಗಿಸಿ ದೇವರ ಹತ್ರ ಇಡೋವಾಗ, ವರ್ಷವಿಡೀ ಗೋಡೆ ಮೇಲೇ ಇದ್ದ ಕೋವಿನೂ ಅಜ್ಜ ನಳಿಗೆ ಮಡಚಿ ತೆರೆದು ನೋಡಿ, ತೋಟಾ ಇಲ್ಲ ಅಂತ ನಮಗೆ ತೋರಿಸಿಯೇ ಕೈಗೆ ಕೊಡ್ತಿದ್ದಿದ್ದು. ಕೈ ಬದಲಾದಾಗೆಲ್ಲ ಮತ್ತೆ ನೋಡು ಅನ್ನೋರು. ಜೆಫ್ ಕೂಪರ್ ಅನ್ನೋ ಅಮೆರಿಕದ ಗನ್ ತರಬೇತುದಾರರ ನಾಲ್ಕು ನಿಯಮ ಅಂತ ಇಲ್ಲಿ ಕ್ಲಾಸಲ್ಲಿ ಹೇಳ್ಕೊಟ್ರು, ಮೊದಲನೇದೇ ಎಲ್ಲಾ ಗನ್ನೂ ಯಾವಾಗ್ಲೂ ಲೋಡ್ ಆಗಿದೆ ಅಂತಾನೇ ತಿಳ್ಕೊ ಅಂತ, ಕೇಳಿದ ತಕ್ಷಣ ಅಜ್ಜನ ನೆನಪಾಯ್ತು.

ಈಗ ಬಿಚ್ಚೋ ಮುಂಚೆ ಖಾಲಿ ಗನ್ನಿಗೆ ಗೇಜ್ ಹಾಕಿ ಹತ್ತು ಸಲ ಎಳೆದು ಬರೆದಿಟ್ಕೊಳಿ. ನನ್ನದು ಸರಾಸರಿ 5 ಪೌಂಡ್ 13 ಔನ್ಸ್ ಬಂತು, ಅದಕ್ಕಿಂತ ಮುಖ್ಯ ಏನಂದ್ರೆ ಹತ್ತರಲ್ಲಿ ಹೆಚ್ಚು ಕಮ್ಮಿ ಮಧ್ಯೆ 14 ಔನ್ಸ್ ವ್ಯತ್ಯಾಸ ಇತ್ತು. ಗರಗರ ಅಂದ್ರೆ ಇದೇ.

ಬಿಚ್ಚೋದು

ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಎಳೆದು ಬಿಡಿ, ಸ್ಲೈಡನ್ನ ಮೂರು ಮಿಲಿಮೀಟರ್ ಅಷ್ಟೇ ಹಿಂದೆ ಎಳೆದು, ಎರಡೂ ಪಕ್ಕದ ಸ್ಲೈಡ್ ಲಾಕ್ ಕೆಳಗೆ ಎಳೆದು, ಸ್ಲೈಡ್ ಮುಂದೆ ಜಾರಿಸಿ ತೆಗೀರಿ. ಕೈಯಲ್ಲಿ ಉಳಿದ ಫ್ರೇಮ್‌ನಲ್ಲಿ ಮೂರು ಪಿನ್ ಕಾಣುತ್ತೆ. ಟ್ರಿಗರ್ ಮೇಲ್ಗಡೆ ಎರಡು, ಅದ್ರಲ್ಲಿ ಮೇಲಿಂದು ಸಣ್ಣ ಲಾಕಿಂಗ್ ಬ್ಲಾಕ್ ಪಿನ್, ಕೆಳಗಿಂದು ಟ್ರಿಗರ್ ಪಿನ್, ಹಿಂದೆ ಹಿಡಿಕೆ ಕಡೆ ಒಂದು ಹೌಸಿಂಗ್ ಪಿನ್, ಅದು ಪ್ಲಾಸ್ಟಿಕ್.

ಮೇಲಿನ ಸಣ್ಣ ಪಿನ್ ಮೊದಲು, ಎಡದಿಂದ ಬಲಕ್ಕೆ ಪಂಚಿಂದ ತಳ್ಳಿ. ಆಮೇಲೆ ಟ್ರಿಗರ್ ಪಿನ್, ಇದಕ್ಕೊಂದು ತೋಡು ಇದೆ ಪಿನ್ ಮೈಮೇಲೆ, ಸ್ಲೈಡ್ ಸ್ಟಾಪ್ (ಸ್ಲೈಡನ್ನ ಹಿಂದೆ ಹಿಡಿದಿಡೋ ಲಿವರ್) ಅದ್ರಲ್ಲಿ ಸಿಕ್ಕೊಂಡಿರುತ್ತೆ, ಹಾಗಾಗಿ ಬರಲ್ಲ ಅಂತ ಸುತ್ತಿಗೆ ತಗೋಬೇಡಿ, ಒಂದು ಕೈಯಲ್ಲಿ ಸ್ಲೈಡ್ ಸ್ಟಾಪ್ ಲಿವರ್‌ನ ಅಲ್ಲಾಡಿಸ್ತಾ ಇನ್ನೊಂದು ಕೈಯಲ್ಲಿ ಪಂಚ್ ಒತ್ತಿ, ಒಂದು ಕ್ಷಣದಲ್ಲಿ ತಾನಾಗೇ ಜಾರುತ್ತೆ. ಬೆರಳಿಗೆ ಆ ಜಾರು ಗೊತ್ತಾದ ಮೇಲೆ ಇನ್ಯಾವತ್ತೂ ಬಲ ಹಾಕೋ ಮನಸ್ಸು ಬರಲ್ಲ. ಲಿವರ್ ಹಿಂದೆ ಎಳೆದು ತೆಗೀರಿ, ಅದಕ್ಕಂಟಿದ ಕೂದಲೆಳೆ ಥರದ ಸ್ಪ್ರಿಂಗ್ ಬಗ್ಗಿಸ್ಬೇಡಿ. ಲಾಕಿಂಗ್ ಬ್ಲಾಕ್‌ನ ಪಂಚಿಂದ ಮೇಲಕ್ಕೆ ಮೀಟಿ ತೆಗೀರಿ. ಕೊನೆಗೆ ಹಿಂದಿನ ಪಿನ್ ತಳ್ಳಿ ಹೌಸಿಂಗ್ ಎತ್ತಿದ್ರೆ ಟ್ರಿಗರ್ ಸಮೇತ ಇಡೀ ಸಂಸಾರ ಹೊರಗೆ ಬರುತ್ತೆ.

ಫೋಟೋ ತಗೊಳಿ. ಸುರುಳಿ ಸ್ಪ್ರಿಂಗ್ ಪಕ್ಕದಿಂದ ನೋಡಿದ್ರೆ ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಕೂತಿರುತ್ತೆ, ಉಲ್ಟಾ ಹಾಕಿದ್ರೆ ಕೊಕ್ಕೆಗೆ ಒತ್ತಡ ಬಿದ್ದು ಬೇಗ ಮುರಿಯುತ್ತೆ.

ಪಾಲಿಷ್

ಹೊಸ ಪಾರ್ಟೇ ಬೇಡ, ಇಷ್ಟೇ ಮಾಡಿದ್ರೂ ಅರ್ಧ ಕೆಲಸ ಆಗುತ್ತೆ. ಇಯರ್ ಬಡ್‌ಗೆ ಪಾಲಿಷ್ ಹಚ್ಕೊಂಡು ಕೈಯಲ್ಲೇ ಉಜ್ಜಿ, ಹಬ್ಬಕ್ಕೆ ಹಿತ್ತಾಳೆ ದೀಪ ಉಜ್ಜಿದಷ್ಟೇ ಸಮಾಧಾನವಾಗಿ. ಎಲ್ಲೆಲ್ಲಿ ಅಂದ್ರೆ, ಕನೆಕ್ಟರ್‌ನ ಬಗ್ಗಿದ ಮುಖ, ಅದಕ್ಕೆ ತಾಗೋ ಟ್ರಿಗರ್ ಬಾರ್‌ನ ಜಾಗ, ಮತ್ತೆ ಬಾರ್ ಮೇಲೆ ಎದ್ದು ನಿಂತಿರೋ, ಫೈರಿಂಗ್ ಪಿನ್ ಸೇಫ್ಟೀನ ಮೇಲಕ್ಕೆ ತಳ್ಳೋ ಗುಬುಟು. ಬಳಸಿದ ಗನ್ನಲ್ಲಿ ಉಜ್ಜಿ ಹೊಳಪಾದ ಗುರುತು ಇದ್ದೇ ಇರುತ್ತೆ, ಆ ಗುರುತಿಗೆ ಮಾತ್ರ ಮಾಡಿ. ಹೊಳಪು ಬರ್ಬೇಕು, ಲೋಹ ಸವೀಬಾರ್ದು. ಮೋಟರ್ ಟೂಲ್ ಬೇಡ, ಸ್ಯಾಂಡ್ ಪೇಪರ್ ಬೇಡ, ಫೈಲ್ ಅಂತೂ ಹತ್ರಕ್ಕೇ ತರಬೇಡಿ, ಮೇಲಿನ ಗಟ್ಟಿ ಪದರ ಹೋದ್ರೆ ಕೆಳಗಿನ ಮೆತ್ತನೆ ಉಕ್ಕು ದಿನಾ ಸವೀತಾ ಹೋಗುತ್ತೆ.

ಬಾರ್‌ನ ಹಿಂದಿನ ಶಿಲುಬೆ ತುದಿ ಸ್ಟ್ರೈಕರ್‌ನ ಹಿಡಿಯೋ ಮುಖ ಇದೆಯಲ್ಲ, ಅದ್ರ ಅಂಚು ಮುಟ್ಟಬೇಡಿ. ಆ ಅಂಚು ದುಂಡಾದ್ರೆ ಸ್ಟ್ರೈಕರ್ ತಾನಾಗೇ ಜಾರಬಹುದು. ಪಾಲಿಷ್ ಆದ ಮೇಲೆ ಒಂದು ಚೂರೂ ಉಳೀದ ಹಾಗೆ ಒರೆಸಿ, ಕನೆಕ್ಟರ್ ಮತ್ತೆ ಬಾರ್ ಕೂಡೋ ಕಡೆ ಒಂದೇ ಒಂದು ಹನಿ ಎಣ್ಣೆ. ಸ್ಟ್ರೈಕರ್ ಓಡಾಡೋ ಕೊಳವೆಗೆ ಎಣ್ಣೆ ಹಾಕ್ಬೇಡಿ, ಅದು ಒಣಗಿಯೇ ಇರ್ಬೇಕು.

ಹೊಸದನ್ನ ಕೂರಿಸಿ ಜೋಡಿಸೋದು

ಕನೆಕ್ಟರ್ ಹೌಸಿಂಗ್‌ಗೆ ಪೂರ್ತಿ ಒತ್ತಿ, ಅರ್ಧ ಎದ್ದಿದ್ರೆ ಸ್ಲೈಡಿಗೆ ತಾಗುತ್ತೆ. ಹೊಸ ಟ್ರಿಗರ್ ಬಾರ್‌ಗೆ ಸ್ಪ್ರಿಂಗ್ ಸಿಗಿಸಿ, ಫೋಟೋ ಜೊತೆ ಹೋಲಿಸಿ, ಬಾರ್‌ನ ಹೌಸಿಂಗ್ ಮೆಟ್ಟಿಲ ಮೇಲೆ ಕೂರಿಸಿ. ಎಲ್ಲಾ ಒಟ್ಟಿಗೆ ಫ್ರೇಮ್‌ಗೆ ಇಳಿಸಿ, ಹಿಂದಿನ ಪಿನ್ ಹಾಕಿ. ಲಾಕಿಂಗ್ ಬ್ಲಾಕ್ ಒತ್ತಿ ಕೂರಿಸಿ, ಸ್ಲೈಡ್ ಸ್ಟಾಪ್ ಇಡಿ, ಪಿನ್‌ಗಳನ್ನ ಬಲದಿಂದ ಎಡಕ್ಕೆ ತಳ್ಳಿ. ಎಲ್ಲರೂ ಎಡವೋ ಜಾಗ ಒಂದೇ, ಸ್ಲೈಡ್ ಸ್ಟಾಪ್‌ನ ಸಣ್ಣ ಸ್ಪ್ರಿಂಗ್ ಮೇಲಿನ ಪಿನ್ನಿನ ಕೆಳಗೇ ಇರ್ಬೇಕು. ಲಿವರ್‌ನ ಬೆರಳಿಂದ ಎತ್ತಿ ಬಿಟ್ರೆ ಟಪ್ ಅಂತ ಕೆಳಗೆ ಬೀಳ್ಬೇಕು. ಸೋಮಾರಿ ಥರ ಮೇಲೇ ನಿಂತ್ರೆ ಸ್ಪ್ರಿಂಗ್ ತಪ್ಪಿದೆ, ಬಿಚ್ಚಿ ಮತ್ತೆ ಹಾಕಿ.

ಚೆಕ್ ಮಾಡೋದು, ಇದೇ ಇಡೀ ಕೆಲಸ

ಪಾರ್ಟ್ ಹಾಕೋಕೆ ನಂಗೆ ಇಪ್ಪತ್ತು ನಿಮಿಷ ಹಿಡೀತು, ಚೆಕ್ ಮಾಡೋಕೆ ಒಂದು ಗಂಟೆ. ಪಾರ್ಟ್ ಬದಲಾಯಿಸೋದು ಯಾರ ಕೈಲಾದ್ರೂ ಆಗುತ್ತೆ, ಈ ಒಂದು ಗಂಟೆ ಕೊಡೋಕೆ ಆಗಲ್ಲ ಅಂದ್ರೆ ಗನ್‌ಸ್ಮಿತ್ (ಗನ್ ರಿಪೇರಿ ಮಾಡೋರು) ಹತ್ರ ಕೊಟ್ಬಿಡಿ. ಮತ್ತೆ ಒಂದು ಸಲ ಚೇಂಬರ್ ನೋಡಿ ಶುರು ಮಾಡಿ.

ಸ್ಲೈಡ್ ಹಿಂದೆ ಎಳೆದು ಬಿಡಿ, ಟ್ರಿಗರ್ ಮುಂದೆ ಬಂದು ನಿಲ್ಲಬೇಕು. ಮಧ್ಯದ ನಾಲಿಗೆ ಮುಟ್ಟದೆ ಟ್ರಿಗರ್‌ನ ಎರಡು ಪಕ್ಕಗಳನ್ನ ಉಗುರಿಂದ ಹಿಂದಕ್ಕೆ ಜೋರಾಗಿ ಒತ್ತಿ, ಹೋಗಬಾರ್ದು. ಹೋದ್ರೆ ಅಲ್ಲೇ ನಿಲ್ಲಿಸಿ ಹಳೇ ಟ್ರಿಗರ್ ವಾಪಸ್ ಹಾಕಿ. ಈಗ ಸರಿಯಾಗಿ ಎಳೀರಿ, ಕ್ಲಿಕ್ ಆಗ್ಬೇಕು. ಬಿಡದೆ ಹಾಗೇ ಹಿಡ್ಕೊಂಡು ಸ್ಲೈಡ್ ಎಳೆದು ಬಿಡಿ, ಆಮೇಲೆ ಟ್ರಿಗರ್‌ನ ತುಂಬಾ ನಿಧಾನಕ್ಕೆ ಮುಂದೆ ಬಿಡ್ತಾ ಬನ್ನಿ, ಒಂದು ಕಡೆ ಟಕ್ ಅಂತ ರೀಸೆಟ್ ತಟ್ಟಬೇಕು, ಅಲ್ಲಿಂದ ಮತ್ತೆ ಎಳೆದ್ರೆ ಮತ್ತೆ ಕ್ಲಿಕ್. ಇದನ್ನ ನಾನು ಐವತ್ತು ಸಲ ಮಾಡ್ತೀನಿ, ಒಂದು ಸಲ ತಪ್ಪಿದ್ರೂ ಫೇಲ್.

ಮುಂದಿನದು ಸ್ಲೈಡ್ ಜೋರಾಗಿ ಬಿಡೋದು. ಟ್ರಿಗರ್ ಮುಟ್ಟದೆ ಸ್ಲೈಡ್ ಪೂರ್ತಿ ಎಳೆದು ತಾನಾಗೇ ಬಡಿಯೋ ಹಾಗೆ ಬಿಡಿ, ಒಂದು ಹತ್ತು ಸಲ, ಪ್ರತಿ ಸಲ ಟ್ರಿಗರ್ ಮುಂದೇ ಇದ್ಯಾ ನೋಡಿ. ಒಂದು ಸಲ ಟ್ರಿಗರ್ ಹಿಂದೆ ಬಿದ್ದಿದ್ರೆ ಸ್ಟ್ರೈಕರ್ ಹಿಡಿತ ತಪ್ಪಿ ಸ್ಲೈಡ್ ಜೊತೆಗೇ ಹೋಗಿದೆ ಅಂತ ಅರ್ಥ, ಆ ಗನ್ನಿಗೆ ಗುಂಡು ಹಾಕೋ ಹಾಗಿಲ್ಲ.

ಈಗ ಸ್ಲೈಡ್ ಬಿಚ್ಚಿ ಕೈಗೆ ತಗೊಳಿ. ಸ್ಟ್ರೈಕರ್‌ನ ಹಿಂದಿನ ಬಾಲ ಸ್ವಲ್ಪ ಹಿಂದೆ ಎಳೆದು ಮೆಲ್ಲಗೆ ಮುಂದೆ ಬಿಡಿ, ಸೇಫ್ಟಿಗೆ ತಾಗಿ ನಿಲ್ಲುತ್ತೆ. ಅಲ್ಲಿಂದ ಹೆಬ್ಬೆರಳಲ್ಲಿ ಗಟ್ಟಿಯಾಗಿ ಮುಂದಕ್ಕೆ ಒತ್ತಿ, ಬ್ರೀಚ್ ಮುಖದ (ಸ್ಲೈಡ್‌ನಲ್ಲಿ ಗುಂಡಿನ ಹಿಂಭಾಗ ತಾಗೋ ಜಾಗ) ತೂತಿಂದ ಸ್ಟ್ರೈಕರ್ ಮೂತಿ ಹೊರಗೆ ಬರಬಾರ್ದು. ಆಮೇಲೆ ದುಂಡಗಿನ ಸೇಫ್ಟಿ ಗುಂಡಿ ಒತ್ತಿ ಹಿಡಿದು ತಳ್ಳಿದ್ರೆ ಬರ್ಬೇಕು.

ಕೊನೇದು ಕಿಂಡಿ ಪ್ಲೇಟ್. ಹಿಂಬದಿಯ ಪ್ಲೇಟ್ ತೆಗೆದು ಆರ್ಮರರ್ ಪ್ಲೇಟ್ ಹಾಕಿ, ಸ್ಲೈಡ್ ಫ್ರೇಮ್‌ಗೆ ಜೋಡಿಸಿ, ಎಳೆದು ಬಿಟ್ಟು, ಟಾರ್ಚ್ ಹಿಡಿದು ಹಿಂದಿಂದ ನೋಡಿ. ಟ್ರಿಗರ್ ಬಾರ್‌ನ ತುದಿ ಸ್ಟ್ರೈಕರ್ ಬಾಲದ ಮುಂದೆ ಅಡ್ಡ ನಿಂತಿರೋದು ಕಾಣುತ್ತೆ, ಬಾಲದ ಎತ್ತರದಲ್ಲಿ ಮೂರರಲ್ಲಿ ಎರಡು ಭಾಗದಷ್ಟಾದ್ರೂ ಹಿಡಿದಿರ್ಬೇಕು. ನಾನು ಮೊದಲನೇ ಸಲ ನೋಡಿದಾಗ ಮೈ ಜುಮ್ ಅಂತು, ಅಷ್ಟು ಚಿಕ್ಕ ಉಕ್ಕಿನ ತುಣುಕು ಇನ್ನೊಂದು ತುಣುಕಿಗೆ ಆತು ನಿಂತಿದೆ, ನಾನು ಇದನ್ನ ಹೊಟ್ಟೆ ಮುಂದೆ ಸಿಗಿಸಿಕೊಂಡು ಮಗುನ ಎತ್ಕೋತೀನಿ ಅಂತ. ಹಿಡಿತ ಅಂಚಿಗೆ ಬಂದಿದ್ರೆ ಎಷ್ಟೇ ಸೊಗಸಾಗಿ ಎಳೆತ ಇದ್ರೂ ಆ ಕಿಟ್ ವಾಪಸ್ ಕಳ್ಸಿ. ನೋಡಿ ಆದ ಮೇಲೆ ಮಾಮೂಲಿ ಪ್ಲೇಟ್ ಹಾಕೋದು ಮರೀಬೇಡಿ, ಕಿಂಡಿ ಪ್ಲೇಟಲ್ಲಿ ಗುಂಡು ಹಾರಿಸೋ ಹಾಗಿಲ್ಲ.

ಮತ್ತೆ ಗೇಜ್ ಹಾಕಿ ಹತ್ತು ಸಲ. ನನ್ನದು 5 ಪೌಂಡ್ 2 ಔನ್ಸ್ ಆಯ್ತು, ಹೆಚ್ಚು ಕಮ್ಮಿ ವ್ಯತ್ಯಾಸ 5 ಔನ್ಸ್‌ಗೆ ಇಳೀತು. ತೂಕ ಜಾಸ್ತಿ ಏನೂ ಕಮ್ಮಿ ಆಗ್ಲಿಲ್ಲ, ಡ್ರಾಯರ್ ಮಾತ್ರ ಈಗ ಮೇಣ ಹಚ್ಚಿದ ಹಾಗೆ ಬರುತ್ತೆ.

ರೇಂಜಲ್ಲಿ

ಮೊದಲ ಮ್ಯಾಗಜೀನ್‌ಗೆ ಎರಡೇ ಗುಂಡು. ಯಾಕಂದ್ರೆ ಕನೆಕ್ಟರ್ ಅಥವಾ ಬಾರ್ ತೊಂದರೆ ಇದ್ರೆ ಒಂದು ಎಳೆತಕ್ಕೆ ಎರಡು ಹಾರ್ಬಹುದು, ಆಗ ಮ್ಯಾಗಜೀನ್ ತುಂಬಿದ್ರೆ ಮೂತಿ ಮೇಲೆ ಹೋಗುತ್ತೆ. ಎರಡು ಎರಡರಂತೆ ಐದು ಸಲ, ಆಮೇಲೆ ತುಂಬಿಸಿ. ಒಂದು ಎಳೆತಕ್ಕೆ ಎರಡು ಹಾರಿತು ಅಂದ್ರೆ ಅಲ್ಲೇ ಅನ್‌ಲೋಡ್ ಮಾಡಿ, ಇನ್ನೊಂದು ಸಲ ನೋಡೋಣ ಅಂತ ಅನ್ಬೇಡಿ, ಒಂದು ಎಳೆತಕ್ಕೆ ಒಂದಕ್ಕಿಂತ ಜಾಸ್ತಿ ಹಾರೋ ಗನ್ ಇಲ್ಲಿ ಮಷಿನ್‌ಗನ್ ಅಂತ ಲೆಕ್ಕ, ಸೀದಾ ಗನ್‌ಸ್ಮಿತ್ ಹತ್ರ.

ನಂದು ಇನ್ನೂರು ಪ್ರಾಕ್ಟೀಸ್ ರೌಂಡ್, ಜೊತೆಗೆ ನಾನು ದಿನಾ ಒಯ್ಯೋ ಹಾಲೋ ಪಾಯಿಂಟ್ (ತುದಿ ಟೊಳ್ಳಾದ ಗುಂಡು) ಐವತ್ತು, ಒಂದೂ ತಪ್ಪದೆ ಹಾರಿದ ಮೇಲೇ ಒಪ್ಪಿಗೆ. ಬಿದ್ದ ಕೇಸ್ ಹೆಕ್ಕಿ ಪ್ರೈಮರ್ ನೋಡಿ, ಗುಳಿ ಎಲ್ಲದ್ರಲ್ಲೂ ಒಂದೇ ಆಳ ಇರ್ಬೇಕು. ಮನೆಗೆ ಬಂದು ಬಿಚ್ಚಿ ಪಿನ್‌ಗಳು ಹೊರಗೆ ಸರಿದಿವೆಯಾ ನೋಡಿ, ಮೇಲಿನ ಚೆಕ್ ಎಲ್ಲಾ ಇನ್ನೊಂದು ಸಲ.

ಹೋಲ್ಸ್ಟರ್

ಇದನ್ನ ಜನ ಮರೀತಾರೆ. ಚಪ್ಪಟೆ ಟ್ರಿಗರ್‌ಗಳಲ್ಲಿ ಕೆಲವು ಹಳೇದಕ್ಕಿಂತ ಮುಂದೆ ನಿಲ್ಲುತ್ತೆ, ಕೆಲವು ಅಗಲಾನೂ ಇರುತ್ತೆ, ನಿಮ್ಮ ಹಳೇ ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್ಸ್ಟರ್, ಅಂದ್ರೆ ಸೊಂಟಕ್ಕೆ ಸಿಗಿಸೋ ಗನ್ ಒರೆ, ಒಳಗಿನ ಗೋಡೆಗೆ ತಾಗಬಹುದು. ಖಾಲಿ ಗನ್ ಸಿಗಿಸಿ ತೆಗೆದು ಇಪ್ಪತ್ತು ಸಲ ನೋಡಿ, ತೆಗೆದಾಗ ಟ್ರಿಗರ್ ಹಿಂದೆ ಬಿದ್ದಿದ್ರೆ ಹೋಲ್ಸ್ಟರ್ ಟ್ರಿಗರ್ ಎಳೀತಿದೆ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚದ ಹೋಲ್ಸ್ಟರ್, ಬಟ್ಟೇದು, ಮೆತ್ತಗಾದ ಚರ್ಮದ್ದು, ಇವು ಯಾವ ಗ್ಲಾಕ್‌ಗೂ ಬೇಡ. ವಾಪಸ್ ಸಿಗಿಸೋವಾಗ ಅವಸರ ಬೇಡ, ಅಂಗಿ ಪೂರ್ತಿ ಎತ್ತಿ ಹಿಡಿದು, ಹೋಲ್ಸ್ಟರ್ ಬಾಯಿ ಕಣ್ಣಲ್ಲಿ ನೋಡಿ ಸಿಗಿಸಿ, ಜಾಕೆಟ್‌ನ ದಾರದ ಗಂಟು ಒಳಗೆ ಸಿಕ್ಕೊಂಡು ಗನ್ ಹಾರಿರೋದು ಆಗಿದೆ. ನಾನು ಹಿಂಬದಿ ಪ್ಲೇಟ್ ಬದಲಿಗೆ ಸ್ಟ್ರೈಕರ್ ಕಂಟ್ರೋಲ್ ಡಿವೈಸ್ ಹಾಕ್ಸಿದೀನಿ, ಸಿಗಿಸೋವಾಗ ಹೆಬ್ಬೆರಳು ಅದ್ರ ಮೇಲೆ ಇಟ್ಟಿದ್ರೆ ಟ್ರಿಗರ್ ಏನಕ್ಕಾದ್ರೂ ಸಿಕ್ಕಿ ಹಿಂದೆ ಹೋದ್ರೆ ಅದು ಹೆಬ್ಬೆರಳಿಗೆ ಒತ್ತುತ್ತೆ, ಅದುಮಿ ಹಿಡಿದ್ರೆ ಟ್ರಿಗರ್ ಮುಂದುವರಿಯಲ್ಲ. ಟ್ರಿಗರ್‌ಗೆ ಹಾಕಿದ ದುಡ್ಡಿಗಿಂತ ಇದಕ್ಕೆ ಹಾಕಿದ್ದು ನಂಗೆ ಸಾರ್ಥಕ ಅನ್ಸುತ್ತೆ.

ಹಳೇ ಪಾರ್ಟ್ ಎಸೀಬೇಡಿ. ಜಿಪ್ ಕವರ್‌ಗೆ ಹಾಕಿ, ಹಾಕಿದ ತಾರೀಖು, ಗೇಜಿನ ಎರಡೂ ಅಳತೆ, ಎಷ್ಟು ರೌಂಡ್ ಆಗಿದೆ ಅಂತ ಒಂದು ಚೀಟೀಲಿ ಬರೆದು ಅದ್ರೊಳಗೇ ಇಡಿ. ಆಮೇಲೆ ಒಂದು ವಾರ ದಿನಾ ಹತ್ತು ನಿಮಿಷ, ಗುಂಡು ಇಲ್ಲದ ರೂಮಲ್ಲಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ಗುಂಡು) ಹಾಕ್ಕೊಂಡು ಡ್ರೈ ಫೈರ್, ಅಂದ್ರೆ ಬರೀ ಟ್ರಿಗರ್ ಎಳೆಯೋ ಪ್ರಾಕ್ಟೀಸ್, ಮಾಡಿ, ಹೊಸ ಗೋಡೆ ಎಲ್ಲಿದೆ ಅಂತ ಬೆರಳು ಕಲೀಲಿ. ಆ ವಾರ ಈ ಗನ್ ಸೇಫಲ್ಲೇ ಇರ್ಲಿ, ಎಂಟನೇ ದಿನ ಸೊಂಟಕ್ಕೆ.